ಜೇನುತುಪ್ಪ ಔಷಧವಾಗಿ: ಯಾವ ತೊಂದರೆಗೆ ಯಾವ ಜೇನನ್ನು ಆರಿಸಬೇಕು?

ಜೇನುತುಪ್ಪವನ್ನು ಔಷಧವಾಗಿ ಬಳಸಲು ಹೊರಟವರ ಮುಂದೆ ಇಂದು ಮುಖ್ಯವಾಗಿ ನಾಲ್ಕು ಬಗೆಯ ಸರಕುಗಳಿವೆ: ಕಾಯಿಸಿ ಸೋಸಿ ಬಾಟಲಿಗೆ ತುಂಬಿದ ಸಾಧಾರಣ ಜೇನು, ಕಾಯಿಸದ ಹಸಿ ಜೇನು, ನ್ಯೂಜಿಲೆಂಡ್ ಕಡೆಯ ಮನುಕಾ ಗಿಡದ ಹೂವಿನಿಂದ ಬರುವ, ಅಂಕಿ ನಮೂದಿಸಿ ದುಬಾರಿ ಬೆಲೆಗೆ ಮಾರುವ ಮನುಕಾ ಜೇನು ಮತ್ತು ಗಾಯಗಳಿಗೆಂದೇ ಕ್ರಿಮಿಶುದ್ಧಗೊಳಿಸಿದ ವೈದ್ಯಕೀಯ ದರ್ಜೆಯ ಜೇನು. ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಏಕೆಂದರೆ ಗಂಟಲಿಗೆ ಇಳಿಯುವ ಜೇನಿನಿಂದ ನಾವು ಬಯಸುವ ಗುಣವೇ ಬೇರೆ, ತೆರೆದ ಗಾಯದ ಮೇಲೆ ಕೂರುವ ಜೇನಿನಿಂದ ಬಯಸುವ ಗುಣವೇ ಬೇರೆ. ಈ ಬರಹದ ನಿಲುವನ್ನು ಮೊದಲೇ ಹೇಳಿಬಿಡುವುದಾದರೆ, ಕೆಮ್ಮಿಗೆ ಕಲಬೆರಕೆಯಿಲ್ಲದ ಯಾವ ಜೇನಾದರೂ ಸಾಕು. ಗಾಯಕ್ಕೆ ವೈದ್ಯಕೀಯ ದರ್ಜೆಯದನ್ನು ಬಿಟ್ಟು ಬೇರೆ ಯಾವುದೂ ಸಲ್ಲದು. ಬೆಲೆ ಹೆಚ್ಚಾದಷ್ಟೂ ಗುಣ ಹೆಚ್ಚು ಎಂಬ ಲೆಕ್ಕ ಇಲ್ಲಿ ಬಹುಪಾಲು ತಪ್ಪುತ್ತದೆ.

ಸೂಕ್ಷ್ಮಾಣುಗಳನ್ನು ತಡೆಯುವ ಶಕ್ತಿ ಎಲ್ಲಿಂದ ಬರುತ್ತದೆ

ನಾಲ್ಕು ಬಗೆಗಳ ನಡುವಿನ ವ್ಯತ್ಯಾಸ ಅರ್ಥವಾಗಬೇಕಾದರೆ ಜೇನಿನೊಳಗೆ ನಡೆಯುವುದೇನು ಎಂಬುದು ಮೊದಲು ತಿಳಿದಿರಬೇಕು. ಪಕ್ವವಾದ ಜೇನಿನಲ್ಲಿ ಶೇಕಡಾ 80ರಷ್ಟು ಸಕ್ಕರೆಗಳೇ ಇರುತ್ತವೆ. ಅದರಲ್ಲಿ ಫ್ರಕ್ಟೋಸ್ ಮತ್ತು ಗ್ಲೂಕೋಸ್‌ಗಳದ್ದೇ ಸಿಂಹಪಾಲು. ನೀರಿನ ಅಂಶ ಸಾಮಾನ್ಯವಾಗಿ ಶೇಕಡಾ 17ರ ಆಸುಪಾಸಿನಲ್ಲಿರುತ್ತದೆ. ಇಷ್ಟು ಕಡಿಮೆ ನೀರೂ ಸಕ್ಕರೆಯ ಅಣುಗಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಬ್ಯಾಕ್ಟೀರಿಯಾಗಳಿಗೆ ಬೆಳೆಯಲು ನೀರು ದಕ್ಕುವುದಿಲ್ಲ, ಸಾಲದ್ದಕ್ಕೆ ಅವುಗಳ ಒಡಲಿನ ನೀರನ್ನೂ ಜೇನು ಹೊರಕ್ಕೆ ಎಳೆದುಕೊಳ್ಳುತ್ತದೆ. ಇದರ ಜೊತೆಗೆ ಜೇನು ಆಮ್ಲೀಯವಾದದ್ದು. ಅದರ ಪಿಎಚ್ ಸುಮಾರು 3.2ರಿಂದ 4.5ರವರೆಗೆ ಇರುತ್ತದೆ. ರೋಗ ತರುವ ಬಹುತೇಕ ಬ್ಯಾಕ್ಟೀರಿಯಾಗಳು ತಟಸ್ಥ ಪಿಎಚ್‌ನಲ್ಲಿ ಹುಲುಸಾಗಿ ಬೆಳೆಯುವಂಥವಾದ್ದರಿಂದ ಈ ಹುಳಿ ಅವುಗಳಿಗೆ ಹಿಡಿಸುವುದಿಲ್ಲ.

ಇವೆರಡೇ ಆಗಿದ್ದರೆ ಗಟ್ಟಿ ಸಕ್ಕರೆ ಪಾಕಕ್ಕೆ ಸ್ವಲ್ಪ ಹುಳಿ ಬೆರೆಸಿ ಜೇನಿನ ಕೆಲಸವನ್ನು ಮಾಡಿಸಿಬಿಡಬಹುದಿತ್ತು. ಜೇನಿನ ವೈಶಿಷ್ಟ್ಯ ಮೂರನೆಯ ಸಂಗತಿಯಲ್ಲಿದೆ. ಮಕರಂದವನ್ನು ಜೇನಾಗಿಸುವಾಗ ಜೇನುನೊಣಗಳು ತಮ್ಮ ತಲೆಯಲ್ಲಿರುವ ಗ್ರಂಥಿಯಿಂದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಅದಕ್ಕೆ ಸೇರಿಸುತ್ತವೆ. ಈ ಕಿಣ್ವ ಗ್ಲೂಕೋಸನ್ನು ಗ್ಲುಕೋನಿಕ್ ಆಮ್ಲವಾಗಿ ಪರಿವರ್ತಿಸುತ್ತದೆ ಮತ್ತು ಆ ಕ್ರಿಯೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಗಟ್ಟಿ ಜೇನಿನಲ್ಲಿ ಕಿಣ್ವ ಬಹುಮಟ್ಟಿಗೆ ಸುಮ್ಮನಿರುತ್ತದೆ. ಗಾಯದ ದ್ರವದೊಂದಿಗೆ ಬೆರೆತು ಜೇನು ತೆಳುವಾದಾಗ ಎಚ್ಚೆತ್ತು ಕೆಲಸ ಶುರುಮಾಡುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ ಶೇಕಡಾ 3ರ ಪೆರಾಕ್ಸೈಡ್ ದ್ರಾವಣಕ್ಕೆ ಹೋಲಿಸಿದರೆ ಜೇನಿನಲ್ಲಿ ಉಂಟಾಗುವ ಪ್ರಮಾಣ ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ. ಆದರೆ ಅದು ಒಮ್ಮೆಲೇ ಸುರಿಯದೆ ಗಂಟೆಗಟ್ಟಲೆ ನಿಧಾನವಾಗಿ ಒಸರುತ್ತಿರುವುದರಿಂದ, ಬಾಟಲಿಯ ದ್ರಾವಣದಂತೆ ಹೊಸ ಚರ್ಮದ ಕೋಶಗಳನ್ನು ಸುಡದೆಯೇ ಸೂಕ್ಷ್ಮಾಣುಗಳನ್ನು ಹತ್ತಿಕ್ಕುತ್ತದೆ.

ಈ ಶಕ್ತಿಗೆ ಎರಡು ದೌರ್ಬಲ್ಯಗಳಿವೆ. ಕಾಯಿಸಿದರೆ ಅಥವಾ ಬಹಳ ಕಾಲ ಬೆಳಕಿನಲ್ಲಿಟ್ಟರೆ ಕಿಣ್ವ ಕೆಡುತ್ತದೆ. ಅಲ್ಲದೆ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಇರುವ ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ ಪೆರಾಕ್ಸೈಡನ್ನು ಒಡೆದುಹಾಕುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಅದ್ಭುತವಾಗಿ ಕಂಡ ಜೇನು ಗಾಯದ ಮೇಲೆ ಸಾಧಾರಣ ಫಲ ಕೊಡಲು ಇದೂ ಒಂದು ಕಾರಣ.

ಮನುಕಾ ಜೇನು ಪ್ರಸಿದ್ಧವಾದದ್ದು ಇದೇ ದೌರ್ಬಲ್ಯದ ಹಿನ್ನೆಲೆಯಲ್ಲಿ. ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದ ಪೀಟರ್ ಮೋಲನ್ ಅವರು, ಪೆರಾಕ್ಸೈಡನ್ನು ಸಂಪೂರ್ಣವಾಗಿ ತೆಗೆದುಹಾಕಿದ ಮೇಲೂ ಈ ಜೇನು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಎಂಬುದನ್ನು ತೋರಿಸಿಕೊಟ್ಟರು. ಅದರ ಹಿಂದಿನ ರಾಸಾಯನಿಕ ಮೀಥೈಲ್‌ಗ್ಲೈಆಕ್ಸಾಲ್ ಎಂದು 2008ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ತಂಡವೂ ನ್ಯೂಜಿಲೆಂಡಿನ ತಂಡವೂ ಬೇರೆ ಬೇರೆಯಾಗಿ ಕಂಡುಕೊಂಡವು. ಮನುಕಾ ಹೂವಿನ ಮಕರಂದದಲ್ಲಿರುವ ಡೈಹೈಡ್ರಾಕ್ಸಿಅಸಿಟೋನ್, ಜೇನು ಹಳೆಯದಾಗುತ್ತಾ ಹೋದಂತೆ ಮೀಥೈಲ್‌ಗ್ಲೈಆಕ್ಸಾಲ್ ಆಗಿ ಬದಲಾಗುತ್ತದೆ. 2010ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ರೆವಾಮಿಲ್ ಎಂಬ ವೈದ್ಯಕೀಯ ಜೇನನ್ನು ಪರೀಕ್ಷಿಸಿ, ಜೇನುನೊಣಗಳ ರೋಗನಿರೋಧಕ ವ್ಯವಸ್ಥೆಗೆ ಸೇರಿದ ಬೀ ಡಿಫೆನ್ಸಿನ್-1 ಎಂಬ ಪ್ರೋಟೀನು ಅದರಲ್ಲಿ ಇರುವುದನ್ನು ಗುರುತಿಸಿದರು. ಹೀಗೆ ಎರಡು ಜೇನುಗಳು ಒಂದೇ ಬ್ಯಾಕ್ಟೀರಿಯಾವನ್ನು ಎರಡು ಬೇರೆ ದಾರಿಗಳಲ್ಲಿ ಕೊಲ್ಲುತ್ತಿರಬಹುದು. ಹಲವು ಕಡೆಗಳಿಂದ ಏಕಕಾಲಕ್ಕೆ ಬೀಳುವ ಈ ಪೆಟ್ಟಿನಿಂದಾಗಿಯೇ ಜೇನಿಗೆ ಪ್ರತಿರೋಧ ಬೆಳೆಸಿಕೊಳ್ಳುವುದು ಬ್ಯಾಕ್ಟೀರಿಯಾಗಳಿಗೆ ಕಷ್ಟವೆಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ.

ನಾಲ್ಕು ಬಗೆಗಳು ಮುಖಾಮುಖಿ

ಸಾಧಾರಣ ಬಾಟಲಿ ಜೇನನ್ನು ಕಾಯಿಸುವುದು ಅದು ಬೇಗ ಹರಳುಗಟ್ಟದಿರಲಿ, ಯೀಸ್ಟ್‌ನಿಂದ ಹುಳಿಯದಿರಲಿ, ಸುಲಭವಾಗಿ ಸೋಸಲು ಬರಲಿ ಎಂಬ ಕಾರಣಕ್ಕೆ. ಕಾಯಿಸಿದ ಪ್ರಮಾಣಕ್ಕೆ ತಕ್ಕಂತೆ ಕಿಣ್ವ ಕುಗ್ಗಿರುತ್ತದೆ, ಆದರೆ ಸಕ್ಕರೆಯ ಸಾಂದ್ರತೆ, ಹುಳಿ ಮತ್ತು ಸ್ನಿಗ್ಧತೆ ಹಾಗೆಯೇ ಉಳಿದಿರುತ್ತವೆ. ಗಂಟಲಿನ ಕೆರೆತಕ್ಕೆ ಬೇಕಾಗಿರುವುದು ಮುಖ್ಯವಾಗಿ ಇವೇ ಆದ್ದರಿಂದ ಇದನ್ನು ಕೀಳಾಗಿ ಕಾಣಬೇಕಾದ ಅಗತ್ಯವಿಲ್ಲ.

ಹಸಿ ಜೇನಿನಲ್ಲಿ ಕಿಣ್ವ ಜೀವಂತವಾಗಿರುತ್ತದೆ, ಪರಾಗದ ಕಣಗಳೂ ಪರಿಮಳವೂ ಉಳಿದಿರುತ್ತವೆ. ರುಚಿಯ ದೃಷ್ಟಿಯಿಂದ ಇದಕ್ಕೆ ಸಾಟಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಔಷಧದ ದೃಷ್ಟಿಯಿಂದ ಅಷ್ಟು ಖಚಿತವಾಗಿ ಹೇಳಲಾಗದು. ಹೂವು, ಋತು, ಗೂಡು ಬದಲಾದಂತೆ ಇದರ ಸೂಕ್ಷ್ಮಾಣುನಿರೋಧಕ ಶಕ್ತಿ ಹತ್ತಾರು ಪಟ್ಟು ಏರುಪೇರಾಗುತ್ತದೆ, ಹಾಗಾಗಿ ಕೈಯಲ್ಲಿರುವ ಬಾಟಲಿ ಬಲವಾದದ್ದೋ ದುರ್ಬಲವಾದದ್ದೋ ಎಂದು ನೋಡಿ ಹೇಳುವುದು ಸಾಧ್ಯವಿಲ್ಲ. ಜೊತೆಗೆ ಇದರಲ್ಲಿ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳ ಬೀಜಕಣಗಳು ಇರಬಹುದು. ಪಕ್ವವಾದ ಜೇನಿನಲ್ಲಿ ಇವು ಸಾಮಾನ್ಯವಾಗಿ ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ. ಒಂದು ವರ್ಷ ದಾಟಿದ ಆರೋಗ್ಯವಂತರ ಹೊಟ್ಟೆಗೆ ಇದರಿಂದ ತೊಂದರೆಯಿಲ್ಲ, ಆಳವಾದ ಗಾಯಕ್ಕೆ ತೊಂದರೆಯಾಗಬಹುದು.

ಮನುಕಾ ಜೇನನ್ನು ಕೊಳ್ಳುವವರು ಬಾಟಲಿಯ ಮೇಲಿನ ಅಂಕಿಗಳನ್ನು ಓದಲು ಕಲಿಯಬೇಕು. ಎಂಜಿಒ ಎಂದಿದ್ದರೆ ಅದು ಒಂದು ಕಿಲೋ ಜೇನಿನಲ್ಲಿರುವ ಮೀಥೈಲ್‌ಗ್ಲೈಆಕ್ಸಾಲ್‌ನ ಮಿಲಿಗ್ರಾಂ ಲೆಕ್ಕ. ಯುಎಂಎಫ್ ಎಂದಿದ್ದರೆ ಅದು ಆ ಜೇನಿನ ಶಕ್ತಿಯನ್ನು ಫೀನಾಲ್ ದ್ರಾವಣದೊಂದಿಗೆ ಹೋಲಿಸುವ ಪದ್ಧತಿಯಿಂದ ಬಂದ ಶ್ರೇಣಿ. ಯುಎಂಎಫ್ 5 ಎಂದರೆ ಎಂಜಿಒ ಕನಿಷ್ಠ 83, ಯುಎಂಎಫ್ 10 ಎಂದರೆ 263, 15 ಎಂದರೆ 514, 20 ಎಂದರೆ 829. ಇವೆರಡೂ ಇಲ್ಲದೆ "ಸಕ್ರಿಯ", "ಪ್ರೀಮಿಯಂ", "ಬಯೋ" ಎಂಬಂಥ ಮಾತುಗಳಷ್ಟೇ ಇದ್ದರೆ ಅವುಗಳಿಂದ ಶಕ್ತಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಜೇನು ನಿಜವಾಗಿ ಮನುಕಾ ಹೂವಿನದ್ದೇ ಎಂಬುದಕ್ಕೆ ನ್ಯೂಜಿಲೆಂಡ್ ಸರ್ಕಾರ 2018ರಲ್ಲಿ ನಾಲ್ಕು ರಾಸಾಯನಿಕಗಳು ಹಾಗೂ ಒಂದು ಡಿಎನ್‌ಎ ಗುರುತನ್ನು ಒಳಗೊಂಡ ಪರೀಕ್ಷೆಯನ್ನು ರಫ್ತಿಗೆ ಕಡ್ಡಾಯಗೊಳಿಸಿತು.

ಇಷ್ಟಾಗಿಯೂ ಒಂದು ಪ್ರಶ್ನೆ ಉಳಿಯುತ್ತದೆ. ಅಷ್ಟು ಹಣ ತೆತ್ತು ತಂದ ಜೇನನ್ನು ನುಂಗಿದರೆ ಆ ಮೀಥೈಲ್‌ಗ್ಲೈಆಕ್ಸಾಲ್ ಏನಾಗುತ್ತದೆ? ಅದು ಹೊಟ್ಟೆಯಲ್ಲಿ ತೆಳುವಾಗಿ, ಜೀರ್ಣಾಂಗದಲ್ಲಿ ಬೇಗನೆ ಒಡೆದುಹೋಗುತ್ತದೆ. ರಕ್ತದ ಮೂಲಕ ಎಲ್ಲಿಗೋ ತಲುಪಿ ಸೋಂಕನ್ನು ಕೊಲ್ಲುವುದಿಲ್ಲ. ಹೆಚ್ಚಿನ ಅಂಕಿಯ ಮನುಕಾವನ್ನು ಚಹಾಕ್ಕೆ ಬೆರೆಸಿ ಕುಡಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ. ಆ ಅಂಕಿಗೆ ಅರ್ಥ ಬರುವುದು ಜೇನು ಬ್ಯಾಕ್ಟೀರಿಯಾದ ಜೊತೆ ನೇರವಾಗಿ, ಸಾಕಷ್ಟು ಹೊತ್ತು, ಗಟ್ಟಿಯಾಗಿ ಸಂಪರ್ಕದಲ್ಲಿರುವಾಗ, ಅಂದರೆ ಚರ್ಮದ ಮೇಲೆ ಮಾತ್ರ.

ಚರ್ಮದ ಮೇಲೆ ಬಳಸುವುದಕ್ಕಾದರೆ ಊಟದ ಮೇಜಿನ ಮನುಕಾ ಬಾಟಲಿಯನ್ನು ದಾಟಿ ವೈದ್ಯಕೀಯ ದರ್ಜೆಯ ಜೇನಿಗೆ ಹೋಗಬೇಕು. ಇದನ್ನು ಗಾಮಾ ಕಿರಣಗಳಿಂದ, ಸಾಮಾನ್ಯವಾಗಿ 25 ಕಿಲೋಗ್ರೇಯ (ಗ್ರೇ ಎಂಬುದು ವಿಕಿರಣದ ಅಳತೆ) ಆಸುಪಾಸಿನ ಪ್ರಮಾಣದಲ್ಲಿ ಶುದ್ಧಗೊಳಿಸಿರುತ್ತಾರೆ. ಈ ಪದ್ಧತಿಯ ಹೆಚ್ಚುಗಾರಿಕೆ ಏನೆಂದರೆ ಬೀಜಕಣಗಳು ಸಾಯುತ್ತವೆ, ಆದರೆ ಕಾಯಿಸಿದಾಗ ಆಗುವಂತೆ ಜೇನಿನ ಸೂಕ್ಷ್ಮಾಣುನಿರೋಧಕ ಶಕ್ತಿ ನಾಶವಾಗುವುದಿಲ್ಲ. ಟ್ಯೂಬಿನಲ್ಲಿ ತುಂಬಿದ ಜೆಲ್, ಜೇನಿನಲ್ಲಿ ನೆನೆಸಿದ ಜಾಲರಿ ಬಟ್ಟೆ, ಕಡಲಪಾಚಿಯಿಂದ ತಯಾರಿಸಿದ ಆಲ್ಜಿನೇಟ್ ಪಟ್ಟಿ ಹೀಗೆ ಹಲವು ರೂಪಗಳಲ್ಲಿ ಇದು ಸಿಗುತ್ತದೆ. ಮೆಡಿಹನಿ ಹೆಸರಿನ ಇಂಥ ಪಟ್ಟಿಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಅನುಮತಿ ನೀಡಿತು.

ಕೆಮ್ಮು ಮತ್ತು ಗಂಟಲ ಕೆರೆತ

ಜೇನಿನ ಪರವಾಗಿ ಅತಿ ನೆಮ್ಮದಿಯಿಂದ ಮಾತನಾಡಬಹುದಾದ ಕ್ಷೇತ್ರವಿದು. ಇಲ್ಲಿ ಆಯ್ಕೆ ಮುಖ್ಯವಾಗಿ ಜೇನು ಮತ್ತು ಕೆಮ್ಮಿನ ಸಿರಪ್‌ಗಳ ನಡುವೆ ನಡೆಯುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 2ರಿಂದ 18 ವರ್ಷದೊಳಗಿನ 105 ಮಕ್ಕಳಿಗೆ ಮಲಗುವ ಮುನ್ನ ಒಂದು ಬಾರಿ ಬಕ್‌ವೀಟ್ ಎಂಬ ಬೆಳೆಯ ಹೂವಿನ ಜೇನನ್ನೋ, ಜೇನಿನ ರುಚಿ ಬೆರೆಸಿದ ಡೆಕ್ಸ್‌ಟ್ರೋಮಿಥಾರ್ಫಾನ್ ಎಂಬ ಕೆಮ್ಮಿನ ಔಷಧವನ್ನೋ ಕೊಡಲಾಯಿತು, ಮೂರನೆಯ ಗುಂಪಿಗೆ ಏನನ್ನೂ ಕೊಡಲಿಲ್ಲ. ರಾತ್ರಿಯ ಕೆಮ್ಮು ಮತ್ತು ನಿದ್ದೆಗೆ ಹೆತ್ತವರು ಕೊಟ್ಟ ಅಂಕಗಳಲ್ಲಿ ಜೇನಿನ ಗುಂಪೇ ಮುಂದಿತ್ತು. ಸಿರಪ್ ಕುಡಿದವರ ಫಲಿತಾಂಶ ಏನನ್ನೂ ಕುಡಿಯದವರಿಗಿಂತ ಗಮನಾರ್ಹವಾಗಿ ಭಿನ್ನವಾಗಿರಲಿಲ್ಲ.

ಯಾವ ಹೂವಿನ ಜೇನು ಎಂಬ ಪ್ರಶ್ನೆಗೆ 2012ರ ಇಸ್ರೇಲಿನ ಅಧ್ಯಯನ ಇನ್ನೂ ಚೆನ್ನಾಗಿ ಉತ್ತರಿಸುತ್ತದೆ. ಅಲ್ಲಿ 1ರಿಂದ 5 ವರ್ಷದ 300 ಮಕ್ಕಳನ್ನು ನಾಲ್ಕು ಗುಂಪುಗಳಾಗಿಸಿ ನೀಲಗಿರಿ ಹೂವಿನ ಜೇನು, ಕಿತ್ತಳೆ ಜಾತಿಯ ಹೂವಿನ ಜೇನು, ತುಳಸಿ ಕುಟುಂಬದ ಗಿಡಗಳ ಜೇನು ಮತ್ತು ಜೇನನ್ನೇ ಹೋಲುವ ಖರ್ಜೂರದ ಪಾಕ ಇವುಗಳಲ್ಲಿ ಒಂದನ್ನು 10 ಗ್ರಾಂ ಪ್ರಮಾಣದಲ್ಲಿ ರಾತ್ರಿ ಕೊಟ್ಟರು. ಮೂರೂ ಜೇನುಗಳು ಪಾಕಕ್ಕಿಂತ ಹೆಚ್ಚು ಉಪಶಮನ ನೀಡಿದವು. ಜೇನುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಈ ಎರಡೂ ಅಧ್ಯಯನಗಳಿಗೆ ಆಯಾ ದೇಶದ ಜೇನು ಮಂಡಳಿಗಳ ಹಣ ಸಂದಿತ್ತು ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಆದರೂ ವೈದ್ಯಕೀಯ ಸಾಕ್ಷ್ಯಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಮಾಡಿದ 2018ರ ವಿಮರ್ಶೆ ಇದೇ ದಿಕ್ಕಿನಲ್ಲಿದೆ: ಏನೂ ಕೊಡದಿರುವುದಕ್ಕಿಂತಲೂ ಡೈಫೆನ್‌ಹೈಡ್ರಮೀನ್ ಔಷಧಕ್ಕಿಂತಲೂ ಜೇನು ಮೇಲು, ಡೆಕ್ಸ್‌ಟ್ರೋಮಿಥಾರ್ಫಾನ್‌ಗೆ ಹೋಲಿಸಿದರೆ ಹೆಚ್ಚು ಕಡಿಮೆ ಸಮಾನ. ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯೂ 2018ರ ತನ್ನ ಮಾರ್ಗಸೂಚಿಯಲ್ಲಿ ಆ್ಯಂಟಿಬಯಾಟಿಕ್‌ಗಳಿಗೆ ಕೈಹಾಕುವ ಮೊದಲು ಜೇನನ್ನು ಪ್ರಯತ್ನಿಸಬಹುದೆಂದು ಸೂಚಿಸಿತು.

ಆದ್ದರಿಂದ ನೆಗಡಿಯ ಜೊತೆ ಬಂದ ಸಾಧಾರಣ ಕೆಮ್ಮಿಗೆ ಒಂದು ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ಮಲಗುವ ಸುಮಾರು ಅರ್ಧ ಗಂಟೆ ಮೊದಲು ಒಂದೆರಡು ಚಹಾ ಚಮಚ ಜೇನು ಒಳ್ಳೆಯ ಆಯ್ಕೆ. ಕುದಿಯುವ ನೀರಿಗೆ ಬೆರೆಸಿ ಲೋಟ ತುಂಬ ಕುಡಿಯುವುದಕ್ಕಿಂತ ಹಾಗೆಯೇ ನಿಧಾನವಾಗಿ ಚೀಪುವುದು ಲೇಸು, ಏಕೆಂದರೆ ಗಂಟಲಿನ ಒಳಪದರಕ್ಕೆ ಅದು ಲೇಪವಾಗಿ ಅಂಟಬೇಕು. ಕುಡಿದ ಮೇಲೆ ಹಲ್ಲುಜ್ಜಿಸಲು ಮರೆಯಬಾರದು. ಕೆಮ್ಮು ಮೂರು ವಾರ ದಾಟಿದರೆ, ಉಸಿರಾಟ ಕಷ್ಟವಾದರೆ, ಕಫದಲ್ಲಿ ರಕ್ತ ಕಂಡರೆ ಅಥವಾ ಜ್ವರ ಬಿಡದಿದ್ದರೆ ಜೇನು ಹಿಡಿದು ಕೂರುವ ಕಾಲ ಮುಗಿಯಿತೆಂದೇ ತಿಳಿದು ವೈದ್ಯರ ಬಳಿ ಹೋಗಬೇಕು.

ಗಾಯ, ಸುಟ್ಟಗಾಯ, ಹುಣ್ಣು

ಗಾಯಕ್ಕೆ ಜೇನು ಹಚ್ಚುವುದು ಬಹಳ ಹಳೆಯ ಪದ್ಧತಿ. ಸುಮಾರು ಕ್ರಿಸ್ತಪೂರ್ವ 1600ರ ಈಜಿಪ್ಟಿನ ವೈದ್ಯಕೀಯ ಸುರುಳಿಯೊಂದರಲ್ಲಿ ಗಾಯಗಳಿಗೆ ಜೇನನ್ನು ಲೇಪಿಸುವ ಸೂಚನೆಗಳಿವೆ. ಆದರೆ ಇಂದು ನಾವು ಆರಿಸಬೇಕಾಗಿರುವುದು ಜೇನು ಮತ್ತು ಬರಿಗಾಯದ ನಡುವೆ ಅಲ್ಲ. ಬೆಳ್ಳಿಯ ಅಂಶವಿರುವ ಮುಲಾಮು, ಹೈಡ್ರೋಜೆಲ್, ಪ್ಯಾರಫಿನ್ ಜಾಲರಿ, ಅಯೋಡಿನ್ ಮುಂತಾದವು ಈಗಾಗಲೇ ಬಳಕೆಯಲ್ಲಿವೆ, ಹೋಲಿಕೆ ಅವುಗಳೊಂದಿಗೆ ನಡೆಯಬೇಕು.

26 ಪ್ರಯೋಗಗಳನ್ನೂ ಸುಮಾರು 3000 ರೋಗಿಗಳನ್ನೂ ಒಳಗೊಂಡ 2015ರ ಕಾಕ್ರೇನ್ ವಿಮರ್ಶೆಯಲ್ಲಿ ಎರಡು ಸಂದರ್ಭಗಳಲ್ಲಿ ಜೇನಿನ ಪರವಾಗಿ ಸ್ಪಷ್ಟ ಉತ್ತರ ಸಿಕ್ಕಿತು. ಚರ್ಮದ ಪೂರ್ಣ ಆಳಕ್ಕೆ ಇಳಿಯದ ಸುಟ್ಟಗಾಯಗಳು ಸಾಂಪ್ರದಾಯಿಕ ಪಟ್ಟಿಗಳಿಗಿಂತ ಜೇನಿನಲ್ಲಿ ನಾಲ್ಕೈದು ದಿನ ಮೊದಲೇ ಮಾಗಿದವು. ಶಸ್ತ್ರಚಿಕಿತ್ಸೆಯ ನಂತರ ಸೋಂಕು ತಗುಲಿದ ಗಾಯಗಳು ಸೋಂಕುನಾಶಕ ದ್ರಾವಣ ಮತ್ತು ಹತ್ತಿಬಟ್ಟೆಯ ಉಪಚಾರಕ್ಕಿಂತ ಜೇನಿನಲ್ಲಿ ಬೇಗ ಗುಣವಾದವು. ಸುಟ್ಟಗಾಯಕ್ಕೆ ಪ್ರಸಿದ್ಧವಾದ ಸಿಲ್ವರ್ ಸಲ್ಫಾಡೈಜೀನ್ ಮುಲಾಮಿಗಿಂತಲೂ ಜೇನು ಮೇಲೆಂದು ಕೆಲವು ಪ್ರಯೋಗಗಳು ತೋರಿಸಿದವಾದರೂ ಆ ಸಾಕ್ಷ್ಯದ ಗುಣಮಟ್ಟ ಕಡಿಮೆಯದ್ದು. ಕಾಲಿನ ಅಭಿಧಮನಿಗಳ, ಅಂದರೆ ರಕ್ತವನ್ನು ಹೃದಯದತ್ತ ಮರಳಿ ಒಯ್ಯುವ ನಾಳಗಳ, ದೋಷದಿಂದಾಗುವ ಹುಣ್ಣುಗಳಲ್ಲಂತೂ ಜೇನಿನಿಂದ ಹೆಚ್ಚಿನ ಲಾಭ ಕಾಣಲಿಲ್ಲ. 368 ರೋಗಿಗಳ ಮೇಲೆ ನ್ಯೂಜಿಲೆಂಡಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಾಮಾನ್ಯ ಪಟ್ಟಿಗಿಂತ ಜೇನಿನ ಪಟ್ಟಿ ಬೇಗ ಗುಣಪಡಿಸಲಿಲ್ಲ, ನೋವಿನ ದೂರುಗಳು ಮಾತ್ರ ಹೆಚ್ಚಾದವು. ಇಂಥ ಹುಣ್ಣಿಗೆ ಬಿಗಿಪಟ್ಟಿ ಸುತ್ತಿ ರಕ್ತ ಮೇಲೇರುವಂತೆ ಮಾಡುವುದೇ ನಿಜವಾದ ಚಿಕಿತ್ಸೆ, ಮೇಲೆ ಹಚ್ಚುವುದೇನು ಎಂಬುದು ಆನಂತರದ ಮಾತು.

ಇದಕ್ಕಿಂತ ಗಂಭೀರವಾದ ಎಚ್ಚರಿಕೆ 2014ರಲ್ಲಿ ಬಂದಿತು. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಕೊಳವೆ ಹೊರಬರುವ ಜಾಗಕ್ಕೆ ಪ್ರತಿದಿನ ವೈದ್ಯಕೀಯ ಜೇನು ಹಚ್ಚಿ ಸೋಂಕನ್ನು ತಡೆಯಬಹುದೇ ಎಂದು 371 ರೋಗಿಗಳಲ್ಲಿ ಪರೀಕ್ಷಿಸಿದಾಗ, ರೂಢಿಯ ಆರೈಕೆಗಿಂತ ಯಾವ ಲಾಭವೂ ಕಾಣಲಿಲ್ಲ, ಮಧುಮೇಹಿಗಳಲ್ಲಂತೂ ಸೋಂಕಿನ ಅಪಾಯ ಹೆಚ್ಚಿತು. ನೈಸರ್ಗಿಕವಾದದ್ದು ಲಾಭ ಮಾಡದಿದ್ದರೂ ಹಾನಿ ಮಾಡದು ಎನ್ನುವವರು ಈ ಫಲಿತಾಂಶವನ್ನೊಮ್ಮೆ ನೆನೆಯಬೇಕು.

ಬಳಸುವಾಗ ಗಾಯದ ಮೇಲೆ ಏನಾಗುತ್ತದೆ ಎಂಬುದನ್ನು ಮೊದಲೇ ತಿಳಿದಿದ್ದರೆ ಗಾಬರಿಯಾಗುವುದಿಲ್ಲ. ಹಚ್ಚಿದ ಕೆಲವು ನಿಮಿಷಗಳಲ್ಲಿ ಚುರುಗುಟ್ಟುತ್ತದೆ, ಇದು ಆಮ್ಲದ ಪರಿಣಾಮ. ಬಹುತೇಕರಿಗೆ ಬೇಗ ಶಮನವಾಗುತ್ತದೆ, ಕೆಲವರಿಗೆ ಸಹಿಸಲಾಗದೆ ತೊಳೆದುಹಾಕಬೇಕಾಗುತ್ತದೆ. ಮೊದಲ ದಿನಗಳಲ್ಲಿ ಗಾಯದಿಂದ ನೀರು ಹೆಚ್ಚು ಸುರಿಯುತ್ತದೆ, ಏಕೆಂದರೆ ಜೇನು ಅಂಗಾಂಶದ ದ್ರವವನ್ನು ಹೊರಕ್ಕೆ ಎಳೆಯುತ್ತಿರುತ್ತದೆ. ಈ ದ್ರವದೊಂದಿಗೆ ಸತ್ತ ಚರ್ಮದ ಹಳದಿ ಪೊರೆ ಸಡಿಲಗೊಂಡು, ಪಟ್ಟಿ ತೆಗೆದಾಗ ಅದರ ಜೊತೆಗೇ ಎದ್ದು ಬರುವುದುಂಟು, ದುರ್ವಾಸನೆಯೂ ಇಳಿಯುತ್ತದೆ. ಆದರೆ ಮೇಲಿನ ಹೀರುಪಟ್ಟಿ ತೊಯ್ದು ಅಂಚುಗಳಿಂದ ಸೋರತೊಡಗಿದರೆ, ಸುತ್ತಲಿನ ಆರೋಗ್ಯವಂತ ಚರ್ಮ ನೆನೆದು ಬಿಳಿಚಿಕೊಂಡು ಸುಲಿಯಲಾರಂಭಿಸುತ್ತದೆ. ಅಂಥ ಗಾಯಕ್ಕೆ ಟ್ಯೂಬಿನ ಜೆಲ್‌ಗಿಂತ ದ್ರವ ಹೀರುವ ಆಲ್ಜಿನೇಟ್ ಪಟ್ಟಿ ಸರಿಯಾದ ಆಯ್ಕೆ. ಒಣಗಿದ, ಆಳವಿಲ್ಲದ ಗಾಯಕ್ಕೆ ಜೆಲ್ ಸಾಕು. ಪಟ್ಟಿಯನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕೆಂಬುದನ್ನು ಸೋರಿಕೆಯೇ ನಿರ್ಧರಿಸುತ್ತದೆ: ಮೊದಮೊದಲು ದಿನವೂ, ಆಮೇಲೆ ಕೆಲವು ದಿನಗಳಿಗೊಮ್ಮೆ.

ಸುಟ್ಟ ಕೂಡಲೇ ಜೇನು ಹಚ್ಚುವುದು ಮಾತ್ರ ತಪ್ಪು ಕ್ರಮ. ಮೊದಲ 20 ನಿಮಿಷ ಹರಿಯುವ ತಂಪು ನೀರಿನಡಿ ಹಿಡಿಯುವುದಕ್ಕೆ ಸಮನಾದ ಉಪಚಾರ ಇನ್ನೊಂದಿಲ್ಲ. ಜೇನಿನ ಸರದಿ ಬರುವುದು ಆ ನಂತರ, ಗಾಯದ ಆಳವನ್ನು ಬಲ್ಲವರು ನೋಡಿದ ಮೇಲೆ. ತರಕಾರಿ ಹೆಚ್ಚುವಾಗ ಆದ ಸಣ್ಣ ಕೊಯ್ತಕ್ಕೆ ಸೋಪು ಮತ್ತು ನೀರೇ ಸಾಕು, ಅಲ್ಲಿ ಯಾವ ಜೇನೂ ಬೇಡ. ಪ್ರಾಣಿ ಕಚ್ಚಿದ ಗಾಯ, ಮೂಳೆ ಕಾಣುವ ಗಾಯ, ಮಧುಮೇಹಿಗಳ ಪಾದದ ಹುಣ್ಣು, ಸುತ್ತ ಕೆಂಪು ಹರಡುತ್ತಾ ಜ್ವರ ಬಂದಿರುವ ಗಾಯ ಇವುಗಳಲ್ಲಿ ಮನೆಯಲ್ಲಿ ಕುಳಿತು ಯಾವುದನ್ನು ಹಚ್ಚಲಿ ಎಂದು ಹೋಲಿಸುವುದೇ ಸಲ್ಲದು. ರಕ್ತಕ್ಕೆ ಅಥವಾ ಆಳದ ಅಂಗಾಂಶಕ್ಕೆ ಇಳಿದ ಸೋಂಕಿಗೆ ಮೇಲೆ ಹಚ್ಚಿದ ಜೇನು ತಲುಪುವುದಿಲ್ಲ, ಅಲ್ಲಿ ಆ್ಯಂಟಿಬಯಾಟಿಕ್‌ಗೆ ಬದಲಿಯಿಲ್ಲ.

ಇತರ ತೊಂದರೆಗಳು

ತುಟಿಯ ಅಂಚಿನಲ್ಲಿ ಏಳುವ ಹರ್ಪಿಸ್ ಗುಳ್ಳೆಗಳಿಗೆ ನ್ಯೂಜಿಲೆಂಡಿನಲ್ಲಿ 952 ವಯಸ್ಕರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾನುಕಾ ಎಂಬ ಅಲ್ಲಿನದೇ ಗಿಡದ ಹೂವಿನ ವೈದ್ಯಕೀಯ ದರ್ಜೆಯ ಜೇನಿನ ಮುಲಾಮು ಮತ್ತು ವೈರಸ್ ತಡೆಯುವ ಶೇಕಡಾ 5ರ ಅಸೈಕ್ಲೊವಿರ್ ಮುಲಾಮುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಚರ್ಮ ಮೊದಲಿನಂತಾಗಲು ಒಂದರಲ್ಲಿ 9 ದಿನ, ಇನ್ನೊಂದರಲ್ಲಿ 8 ದಿನ ಹಿಡಿಯಿತು. ಇಲ್ಲಿ ಆಯ್ಕೆ ಇಷ್ಟಕ್ಕೆ ಬಿಟ್ಟದ್ದು. ಮೊಡವೆಗಳ ಮೇಲೆ ಅದೇ ಕಾನುಕಾ ಜೇನನ್ನು ಪರೀಕ್ಷಿಸಿದಾಗ ಪ್ರಯೋಜನ ಕಾಣದ್ದರಿಂದ, ಮುಖಕ್ಕೆ ಜೇನು ಬಳಿದು ಮೊಡವೆ ಹೋಗುವುದೆಂದು ಕಾಯುವುದಕ್ಕೆ ಆಧಾರವಿಲ್ಲ.

ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುವವರ ಬಾಯಿಯಲ್ಲಿ ಏಳುವ ನೋವಿನ ಹುಣ್ಣುಗಳನ್ನು ತಡೆಯಲು ಜೇನನ್ನು ಬಾಯಲ್ಲಿಟ್ಟು ನುಂಗುವ ಕ್ರಮವನ್ನು 2020ರ ಅಂತರರಾಷ್ಟ್ರೀಯ ಮಾರ್ಗಸೂಚಿ ಸಲಹೆಯಾಗಿ ಸೇರಿಸಿಕೊಂಡಿದೆ. ಆದರೆ ವಿಕಿರಣದಿಂದ ಜೊಲ್ಲು ಕಡಿಮೆಯಾದ ಬಾಯಿಯಲ್ಲಿ ಹಲ್ಲು ಬೇಗ ಹುಳುಕಾಗುವುದರಿಂದ ಇದನ್ನು ಚಿಕಿತ್ಸೆ ಕೊಡುವ ತಂಡಕ್ಕೆ ಹೇಳಿಯೇ ಆರಂಭಿಸಬೇಕು. ಜಠರದ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿಯನ್ನು ಜೇನು ಪ್ರಯೋಗಾಲಯದಲ್ಲಿ ತಡೆದಿದೆ ಎಂಬುದನ್ನು ಹಿಡಿದು, ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಬಿಟ್ಟು ಜೇನು ಕುಡಿಯುವುದು ಸರಿಯಲ್ಲ. ಪರಾಗದ ಅಲರ್ಜಿಗೆ ಸ್ಥಳೀಯ ಹಸಿ ಜೇನು ಮದ್ದೆಂಬ ಮಾತಿಗೂ ಬಲವಿಲ್ಲ. ಅಲರ್ಜಿ ತರುವುದು ಹೆಚ್ಚಾಗಿ ಗಾಳಿಯಲ್ಲಿ ಹಾರುವ ಹುಲ್ಲು ಮತ್ತು ಮರಗಳ ಪರಾಗ, ಜೇನುನೊಣ ತರುವುದು ಹೂವಿನ ಜಿಗುಟು ಪರಾಗ.

ಒಂದು ಸಂದರ್ಭವನ್ನು ಮಕ್ಕಳಿರುವ ಪ್ರತಿ ಮನೆಯವರೂ ತಿಳಿದಿರಬೇಕು. ಮಗು ನಾಣ್ಯದಾಕಾರದ ಬಟನ್ ಬ್ಯಾಟರಿಯನ್ನು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೇ ತೀವ್ರವಾಗಿ ಸುಡಬಲ್ಲದು. ಮಗುವಿಗೆ ಒಂದು ವರ್ಷ ತುಂಬಿದ್ದು, ನುಂಗಿ 12 ಗಂಟೆ ಕಳೆದಿರದಿದ್ದರೆ, ಗುಟುಕರಿಸಲು ಆಗುತ್ತಿದ್ದರೆ, ಆಸ್ಪತ್ರೆಗೆ ಧಾವಿಸುವ ದಾರಿಯಲ್ಲೇ 10 ನಿಮಿಷಕ್ಕೊಮ್ಮೆ 10 ಮಿಲಿಲೀಟರ್, ಅಂದರೆ ಎರಡು ಚಹಾ ಚಮಚ ಜೇನನ್ನು, ಗರಿಷ್ಠ ಆರು ಬಾರಿ ಕೊಡಬಹುದೆಂದು ಅಮೆರಿಕದ ನ್ಯಾಷನಲ್ ಕ್ಯಾಪಿಟಲ್ ಪಾಯ್ಸನ್ ಸೆಂಟರ್ ಸೂಚಿಸುತ್ತದೆ. ಜೇನು ಬ್ಯಾಟರಿಯ ಸುತ್ತ ಲೇಪವಾಗಿ, ಅಲ್ಲಿ ಹುಟ್ಟುವ ಕ್ಷಾರವನ್ನು ತನ್ನ ಹುಳಿಯಿಂದ ತಗ್ಗಿಸುತ್ತದೆ. ಜೇನು ಹುಡುಕುತ್ತಾ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬಾರದು. ಕುತೂಹಲದ ಸಂಗತಿಯೆಂದರೆ ಇಲ್ಲಿ ಶಿಫಾರಸಾಗಿರುವುದು ಅಂಗಡಿಯ ಸಾಧಾರಣ ಬಾಟಲಿ ಜೇನೇ ಹೊರತು ವಿಶೇಷ ಹೂವಿನ ದುಬಾರಿ ಜೇನಲ್ಲ.

ಯಾರಿಗೆ ಸಲ್ಲದು

ಒಂದು ವರ್ಷದೊಳಗಿನ ಶಿಶುವಿಗೆ ಯಾವ ಬಗೆಯ ಜೇನನ್ನೂ, ಬೆರಳ ತುದಿಯಲ್ಲಿ ನೆಕ್ಕಿಸುವಷ್ಟನ್ನೂ ಕೊಡಕೂಡದು. ಜೇನಿನಲ್ಲಿರಬಹುದಾದ ಕ್ಲಾಸ್ಟ್ರಿಡಿಯಂ ಬಾಟುಲಿನಂ ಬೀಜಕಣಗಳು ಇನ್ನೂ ಪಕ್ವವಾಗದ ಕರುಳಿನಲ್ಲಿ ಮೊಳೆತು ನರಗಳನ್ನು ಸ್ತಬ್ಧಗೊಳಿಸುವ ವಿಷವನ್ನು ಉತ್ಪಾದಿಸುತ್ತವೆ. ಮಲಬದ್ಧತೆ, ಹಾಲು ಚೀಪಲಾಗದಿರುವುದು, ಅಳುವ ಸದ್ದು ಕ್ಷೀಣಿಸುವುದು, ಕತ್ತು ನಿಲ್ಲದೆ ಮೈ ಜೋತುಬೀಳುವುದು ಇದರ ಲಕ್ಷಣಗಳು. ಮನೆಯಲ್ಲಿ ಕುದಿಸಿದರೂ ಈ ಬೀಜಕಣಗಳು ಸಾಯುವುದಿಲ್ಲ.

ಮಧುಮೇಹಿಗಳು ಜೇನನ್ನು ಸಕ್ಕರೆಯ ಲೆಕ್ಕಕ್ಕೇ ಸೇರಿಸಬೇಕು. 7 ಗ್ರಾಂ ತೂಗುವ ಒಂದು ಚಹಾ ಚಮಚದಲ್ಲಿ ಸುಮಾರು 6 ಗ್ರಾಂ ಸಕ್ಕರೆ ಇರುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಮಿತಿಗೊಳಿಸಬೇಕಾದ ಸಕ್ಕರೆಗಳ ಗುಂಪಿನಲ್ಲೇ ಇರಿಸಿದೆ. ಜೇನುನೊಣದ ಉತ್ಪನ್ನಗಳ ಅಥವಾ ಪರಾಗದ ಅಲರ್ಜಿಯಿರುವವರು ಹಸಿ ಜೇನಿನಿಂದ ದೂರವಿರುವುದು ಕ್ಷೇಮ. ಟರ್ಕಿಯ ಕಪ್ಪುಸಮುದ್ರದ ತೀರ ಮತ್ತು ನೇಪಾಳದ ಕೆಲವೆಡೆ ರೋಡೋಡೆಂಡ್ರನ್ ಹೂಗಳಿಂದ ದೊರೆಯುವ "ಹುಚ್ಚು ಜೇನಿನಲ್ಲಿ" ಗ್ರಯಾನೋಟಾಕ್ಸಿನ್ ಎಂಬ ವಿಷವಿದ್ದು, ಅದು ರಕ್ತದೊತ್ತಡವನ್ನೂ ಹೃದಯ ಬಡಿತವನ್ನೂ ಅಪಾಯಕಾರಿಯಾಗಿ ಇಳಿಸುತ್ತದೆ. ಅದನ್ನು ಔಷಧವೆಂದು ತರಿಸಿಕೊಳ್ಳುವ ಸಾಹಸ ಬೇಡ.

ಕೊಳ್ಳುವಾಗ ಮತ್ತು ಇಟ್ಟುಕೊಳ್ಳುವಾಗ

ನೀರಿನ ಲೋಟಕ್ಕೆ ಹಾಕಿದಾಗ ಕರಗದೆ ತಳಕ್ಕಿಳಿಯುವುದು, ಬತ್ತಿಗೆ ಸವರಿದರೆ ಹೊತ್ತಿಕೊಳ್ಳುವುದು ಮೊದಲಾದ ಮನೆ ಪರೀಕ್ಷೆಗಳಿಂದ ಜೇನಿನ ಶುದ್ಧತೆ ಸಾಬೀತಾಗುವುದಿಲ್ಲ. ಗಟ್ಟಿಯಾದ ಯಾವ ಸಕ್ಕರೆ ಪಾಕವೂ ಅವುಗಳಲ್ಲಿ ತೇರ್ಗಡೆಯಾಗಬಲ್ಲದು. ಅಕ್ಕಿಯಿಂದ ತಯಾರಿಸಿದ ಪಾಕದ ಕಲಬೆರಕೆಯನ್ನು ಪತ್ತೆಹಚ್ಚಲು ಪ್ರಯೋಗಾಲಯವೇ ಬೇಕಾಗುತ್ತದೆ. ಹರಳುಗಟ್ಟುವಿಕೆಯೂ ಕಲಬೆರಕೆಯ ಗುರುತಲ್ಲ, ಗ್ಲೂಕೋಸ್ ಹೆಚ್ಚಿರುವ ಜೇನು ತಾನಾಗಿಯೇ ಹರಳುಗಟ್ಟುತ್ತದೆ. ಪರೀಕ್ಷಾ ವರದಿ ಒದಗಿಸುವ ಮಾರಾಟಗಾರರಿದ್ದರೆ ಅದರಲ್ಲಿ ಎರಡು ಅಂಕಿಗಳನ್ನು ನೋಡಬೇಕು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ನೀರಿನ ಅಂಶ ಸಾಮಾನ್ಯವಾಗಿ ಶೇಕಡಾ 20ನ್ನು ಮೀರಬಾರದು; ಕಾಯಿಸಿದಷ್ಟೂ, ಹಳೆಯದಾದಷ್ಟೂ ಹೆಚ್ಚುವ ಎಚ್‌ಎಂಎಫ್ ಎಂಬ ಸಂಯುಕ್ತ ಕಿಲೋಗೆ 40 ಮಿಲಿಗ್ರಾಂ, ಉಷ್ಣವಲಯದ ಜೇನಿನಲ್ಲಿ 80 ಮಿಲಿಗ್ರಾಂ ದಾಟಬಾರದು.

ಅಡುಗೆಮನೆಯ ಜೇನನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ, ಬೆಳಕು ಮತ್ತು ಒಲೆಯ ಬಿಸಿ ತಾಗದ ಕಡೆ ಇಟ್ಟರೆ ಸಾಕು, ಫ್ರಿಜ್ ಬೇಕಿಲ್ಲ. ಒದ್ದೆ ಚಮಚ ಹಾಕಿದರೆ ಮೇಲ್ಪದರ ತೆಳುವಾಗಿ ಹುಳಿಯತೊಡಗುತ್ತದೆ. ವೈದ್ಯಕೀಯ ದರ್ಜೆಯ ಟ್ಯೂಬಿನ ನಿಯಮ ಬೇರೆ: ಅದರ ಬಾಯಿಯನ್ನು ಗಾಯಕ್ಕೆ ತಾಗಿಸದೆ ಪಟ್ಟಿಯ ಮೇಲೆ ಹಿಂಡಿಕೊಳ್ಳಬೇಕು, ತೆರೆದ ಮೇಲೆ ಎಷ್ಟು ಕಾಲ ಬಳಸಬಹುದೆಂದು ಹೊದಿಕೆಯ ಮೇಲೆ ನಮೂದಿಸಿರುವುದನ್ನು ಪಾಲಿಸಬೇಕು, ಒಬ್ಬರಿಗೆ ತೆರೆದ ಟ್ಯೂಬನ್ನು ಇನ್ನೊಬ್ಬರ ಗಾಯಕ್ಕೆ ಬಳಸಬಾರದು.